ಹದಿನಾಲ್ಕನೇ ನಂಬರು, ಬೆಚ್ಚಗಿನ ನೀರು

ಬುಸಾನ್, ಯೊಂಗ್ಡೊ
ಶುಕ್ರವಾರ, ನವೆಂಬರ್ 18, 2011

ಪ್ರೀತಿಯ ಬೊರಾಮಳ ಅಪ್ಪನಿಗೆ,

ಆರೋಗ್ಯ ಹೇಗಿದೆ? ಎಡಗೈಯ ಕಿರುಬೆರಳಿನ ತುದಿ ಈಗಲೂ ಮರಗಟ್ಟುತ್ತದೆಯೇ, ಇಲ್ಲ ಸ್ವಲ್ಪವಾದರೂ ಚುರುಕು ಬಂದಿದೆಯೇ ಎಂದು ಮೊದಲು ಬರೆಯಿರಿ. ಹೊಸ ಅಡುಗೆಯವನು ಎಲ್ಲಕ್ಕೂ ಸಕ್ಕರೆ ಸುರಿಯುತ್ತಾನೆ ಎಂದಿದ್ದಿರಿ. ಅದಕ್ಕೇ ಈ ಸಲ ಮೆಣಸಿನ ಗೊಜ್ಜಿನ ಡಬ್ಬಿ ಎರಡಲ್ಲ, ಮೂರು ಇಟ್ಟಿದ್ದೇನೆ. ಒಣ ನೆತ್ತಿಲಿ ಮೀನು, ಹೊಟ್ಟೆಯುರಿಯ ಮಾತ್ರೆ, ಉಣ್ಣೆಯ ಕಾಲುಚೀಲ ನಾಲ್ಕು ಜೊತೆ ಇವೆ. ಬೂದು ಬಣ್ಣದ ಜೊತೆಯನ್ನು ಅತ್ತೆಯೇ ಹೆಣೆದದ್ದು, ಒಂದು ಇನ್ನೊಂದಕ್ಕಿಂತ ಉದ್ದವಿದೆ, ಅದನ್ನು ಹೇಳಿದರೆ ಅವರಿಗೆ ಸಿಟ್ಟು ಬರುತ್ತದೆ. ಇಲ್ಲಿ ಎಲ್ಲರೂ ಕ್ಷೇಮ. ಬೊರಾಮ್ ಬೇಸಿಗೆಯಿಂದ ಈಚೆಗೆ ಮೂರು ಸೆಂಟಿಮೀಟರು ಬೆಳೆದಿದ್ದಾಳೆ. ಬಾಗಿಲಿನ ಚೌಕಟ್ಟಿನ ಮೇಲೆ ನೀವು ಎಳೆದಿದ್ದ ಕೊನೆಯ ಗೆರೆ ಈಗ ಅವಳ ಗಲ್ಲಕ್ಕೆ ಬರುತ್ತದೆ. ಅತ್ತೆಯ ಮಂಡಿ ನೋವು ಹೋದ ವರ್ಷದಷ್ಟೇ ಇದೆ.

ಈಗ ಸುದ್ದಿ. ನೀವು ಟ್ಯೂನಾ ಹಡಗಿನ ಕೆಲಸಕ್ಕೆ ಇನ್ನೂ ಎರಡು ವರ್ಷಕ್ಕೆ ಸಹಿ ಹಾಕಲು ನಿರ್ಧರಿಸಿದ್ದೀರಿ. ಇದನ್ನು ನನಗೆ ತಿಳಿಸಿದವರು ಅತ್ತೆ, ಮೊನ್ನೆ ಮಂಗಳವಾರ ಸಂಜೆ, ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಹೇಳಬಾರದೆಂದು ನೀವು ಕೇಳಿಕೊಂಡಿದ್ದಿರಿ, ಅವರು ಹನ್ನೆರಡು ದಿನ ಬಾಯಿ ಬಿಡಲಿಲ್ಲ. ಅವರ ಉಗುಳು ಬಾಯಿ ಬಿಟ್ಟಿತು. ತಮಾಷೆಗೆ ಹೇಳುತ್ತಿಲ್ಲ, ನಡೆದದ್ದೇ ಹಾಗೆ. ನನಗೆ ಸಿಟ್ಟು ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಮಂಗಳವಾರ ಬಂದಿತ್ತು, ಬುಧವಾರ ಇಳಿಯಿತು. ಇಳಿದ ಮೇಲೆ ಬರೆಯಬೇಕೆಂದೇ ಇಂದಿನವರೆಗೆ ಕಾದೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನನ್ನ ಕೆಲಸವೂ ಸೇರಿಕೊಂಡಿದೆ. ಹಡಗಿನಲ್ಲಿ ಮೀನು ಹೆಪ್ಪುಗಟ್ಟಿಸುವ ನಿಮ್ಮ ಯಂತ್ರಗಳ ವಿಷಯ ನೀವು ಉದ್ದಕ್ಕೆ ಬರೆದಾಗ ನಾನೂ ಕೊನೆಯವರೆಗೆ ಓದುತ್ತೇನಲ್ಲ.

ನಮ್ಮ ಪ್ರಯೋಗಾಲಯದ ಪ್ರೊಫೆಸರ್ ಬಾನ್ ಅವರ ವಿಷಯ ಹಿಂದೆಯೇ ಬರೆದಿದ್ದೇನೆ. ಸಿಯೋಲ್‌ನಿಂದ ಬಂದವರು, ಬುಸಾನಿನಲ್ಲಿ ಒಂಬತ್ತು ವರ್ಷವಿದ್ದೂ ಮೀನಿನ ಮಾರುಕಟ್ಟೆಗೆ ಒಮ್ಮೆಯೂ ಕಾಲಿಡದವರು. ಮನುಷ್ಯನಿಗೆ ದಿಢೀರನೆ ಒತ್ತಡವಾದಾಗ ಅವನು ಲಾಭದಿಂದ ಹೇಗೆ ಕಲಿಯುತ್ತಾನೆ, ನಷ್ಟದಿಂದ ಹೇಗೆ ಕಲಿಯುತ್ತಾನೆ ಎಂಬುದು ಅವರ ಅಧ್ಯಯನ. ಬಂದವರು ಮೊದಲು ಒಂದು ಕೈಯನ್ನು ಮೂರು ನಿಮಿಷ ನೀರಿನಲ್ಲಿಡಬೇಕು. ಅರ್ಧ ಜನಕ್ಕೆ ಮಂಜುಗಡ್ಡೆಯ ನೀರು, ಅರ್ಧ ಜನಕ್ಕೆ ಬೆಚ್ಚಗಿನ ನೀರು. ಆಮೇಲೆ ಒಂದು ಆಟ. ಪರದೆಯ ಮೇಲೆ ಎರಡು ಚಿತ್ರ ಬರುತ್ತವೆ, ಒಂದನ್ನು ಒತ್ತಬೇಕು. ಒಂದು ಚಿತ್ರ ಹತ್ತರಲ್ಲಿ ಎಂಟು ಸಲ ಬಹುಮಾನ ಕೊಡುತ್ತದೆ, ಇನ್ನೊಂದು ಹೆಚ್ಚಾಗಿ ಕಿತ್ತುಕೊಳ್ಳುತ್ತದೆ. ಯಾವುದು ಯಾವುದೆಂದು ಯಾರೂ ಹೇಳುವುದಿಲ್ಲ, ಒತ್ತಿ ಒತ್ತಿ ಕಲಿಯಬೇಕು. ಅರ್ಧ ಆಟದಲ್ಲಿ, ಮುನ್ಸೂಚನೆ ಕೊಡದೆ, ನಾವು ಎರಡನ್ನೂ ಅದಲುಬದಲು ಮಾಡುತ್ತೇವೆ. ಅಲ್ಲಿಂದ ಮುಂದೆ ಅವರು ಎಷ್ಟು ಬೇಗ ಮನಸ್ಸು ಬದಲಾಯಿಸುತ್ತಾರೆ ಎಂಬುದೇ ನಮಗೆ ಬೇಕಾದ ಲೆಕ್ಕ. ನೀರಿಗೆ ಮೊದಲು ಒಮ್ಮೆ, ಇಪ್ಪತ್ತೈದು ನಿಮಿಷದ ನಂತರ ಇನ್ನೊಮ್ಮೆ, ಹತ್ತಿಯ ಸುರುಳಿಯನ್ನು ಬಾಯಲ್ಲಿಟ್ಟು ಉಗುಳು ತೆಗೆದುಕೊಳ್ಳುತ್ತೇವೆ. ಅದರಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಎಷ್ಟಿದೆ ನೋಡಿದರೆ ಒತ್ತಡ ನಿಜವಾಗಿ ಏರಿತೋ ಇಲ್ಲವೋ ತಿಳಿಯುತ್ತದೆ. ಸುರುಳಿ ಕೊಡುವುದು, ನಂಬರು ಅಂಟಿಸುವುದು, ಪುಸ್ತಕದಲ್ಲಿ ಗಂಟೆ ಬರೆಯುವುದು, ಶೀತಲ ಪೆಟ್ಟಿಗೆಗೆ ಸೇರಿಸುವುದು ನನ್ನ ಕೆಲಸ. ಆರು ವರ್ಷದಲ್ಲಿ ಒಂದು ನಂಬರೂ ತಪ್ಪಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಲೇಜು ಹುಡುಗರ ಮೇಲೆ ಅಧ್ಯಯನ ಮುಗಿದಿತ್ತು. ಐಸಿನಲ್ಲಿ ಕೈಯಿಟ್ಟವರು ಮೊದಲು ಕೊಟ್ಟ ಚಿತ್ರವನ್ನೇ ಹಿಡಿದುಕೊಂಡಿದ್ದರು, ಅದು ಕಿತ್ತುಕೊಳ್ಳಲು ಶುರು ಮಾಡಿದ ಮೇಲೂ ಬಿಡಲಿಲ್ಲ. ಎಣಿಸಿದ್ದಕ್ಕಿಂತ ಹೆಚ್ಚು ಸಿಕ್ಕಾಗ ಮಿದುಳಿನ ಒಳಗೆ ಕೆಲವು ಜೀವಕೋಶಗಳು ಕೂಗು ಹಾಕುತ್ತವಂತೆ, ಕಡಿಮೆ ಸಿಕ್ಕಾಗ ಸುಮ್ಮನಾಗುತ್ತವಂತೆ. ಆ ಕೂಗು, ಆ ಮೌನ ಎರಡೂ ಸರಿಯಾಗಿ ಕೇಳಿಸಿದರೆ ಮಾತ್ರ ಕಲಿಕೆ. ಒತ್ತಡದಲ್ಲಿ ಕೂಗು ಕೇಳಿಸುತ್ತದೆ, ಮೌನ ಕೇಳಿಸುವುದಿಲ್ಲ ಎಂದು ಪ್ರೊಫೆಸರರ ಅಂದಾಜು. ಬೇರೆ ಪ್ರಯೋಗಾಲಯಗಳಲ್ಲಿ ಉಲ್ಟಾ ಬಂದದ್ದೂ ಇದೆ, ಒತ್ತಡ ಆಟಕ್ಕೆ ಎಷ್ಟು ಮೊದಲು ಆಯಿತು ಎಂಬುದರ ಮೇಲೂ ಫಲ ಬದಲಾಗುತ್ತದೆ ಎಂದು ಅವರೇ ಹೇಳುತ್ತಾರೆ. ಅದಿರಲಿ. ಹುಡುಗರ ನಂತರ ವಯಸ್ಸಾದ ಹೆಂಗಸರು ಇಪ್ಪತ್ತನಾಲ್ಕು ಜನ ಬೇಕಾಯಿತು. ಯಾರೂ ಸಿಗಲಿಲ್ಲ. ನಾನು ಹೇಳಿದೆ, ನಮ್ಮ ಅತ್ತೆ ಮೀನಿನ ಅಂಗಡಿ ಇಟ್ಟಿರುವ ಮಾರುಕಟ್ಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದು. ಪ್ರೊಫೆಸರರು ಖುಷಿಯಿಂದ ಒಪ್ಪಿದರು. ನಾನೂ ಯೋಚಿಸಲಿಲ್ಲ, ಅವರೂ ಯೋಚಿಸಲಿಲ್ಲ. ಆಟದ ಬಹುಮಾನವಾಗಿ ಜೆಜು ದ್ವೀಪದ ಕಿತ್ತಳೆ ಎಂದು ನಿಶ್ಚಯವಾಯಿತು. ಪರದೆಯ ಮೇಲೆ ಎಷ್ಟು ಗೆಲ್ಲುತ್ತಾರೋ ಅಷ್ಟು ಹಣ್ಣು ಪೆಟ್ಟಿಗೆಯಿಂದ ಎಣಿಸಿ ಚೀಲಕ್ಕೆ.

ನಿಮಗೆ ಈಗಾಗಲೇ ನಗು ಬಂದಿರುತ್ತದೆ. ನಲವತ್ತು ವರ್ಷ ಚಳಿಗಾಲದ ಬೆಳಗಿನ ನಾಲ್ಕು ಗಂಟೆಗೆ ಮಂಜುಗಡ್ಡೆಯೊಳಗೆ ಕೈ ಹಾಕಿ ಬಂಗುಡೆ ಆರಿಸಿದವರನ್ನು ಕರೆತಂದು, ಐಸಿನ ನೀರು ತೋರಿಸಿ, ಒತ್ತಡವಾಗಲಿ ಎಂದು ಕಾದವರು ನಾವು. ಮೊದಲು ಬಂದವರು ಸಿಂಪಿ ಅಕ್ಕ, ಅತ್ತೆಯ ಅಂಗಡಿಗೆ ಎದುರು ಸಿಂಪಿಯನ್ನು ಚಿಪ್ಪಿನಿಂದ ಬಿಡಿಸಿ ಮಾರುವವರು. ಬಕೆಟ್ಟಿಗೆ ಮೊಣಕೈವರೆಗೆ ಕೈಯಿಳಿಸಿ, "ಇದನ್ನ ಐಸು ಅಂತೀರೇನ್ರೀ? ನಮ್ಮಲ್ಲಿ ಇದ್ರಲ್ಲಿ ಕಾಲ್ ತೊಳ್ಕೋತೀವಿ" ಎಂದರು. ಮೂರು ನಿಮಿಷ ಮುಗಿಯಿತು, ಕೈ ತೆಗೆಯಿರಿ ಎಂದರೆ ತೆಗೆಯಲಿಲ್ಲ. "ಇರ್ಲಿ ಬಿಡಿ, ಮಣಿಕಟ್ಟಿನ ಉರಿಗೆ ಹಿತವಾಗಿದೆ" ಎಂದರು. ನಾಲ್ಕನೆಯವರು ನೀರಿನೊಳಗೆ ತಡಕಾಡಿ "ಮೀನೆಲ್ಲಿ?" ಎಂದು ಕೇಳಿದರು. ಸಂಜೆ ಪ್ರೊಫೆಸರರು ತಲೆ ಮೇಲೆ ಕೈಯಿಟ್ಟುಕೊಂಡು, ಹಾಗಾದರೆ ನಿಮಗೆ ಗಾಬರಿಯಾಗಬೇಕಾದರೆ ನಾವು ಏನು ಮಾಡಬೇಕು ಎಂದು ಸಿಂಪಿ ಅಕ್ಕನನ್ನೇ ಕೇಳಿದರು. "ಸುಲಭ ಪ್ರೊಫೆಸ್ರೇ. ನನ್ ಅಂಗಡೀನ ಆ ಸೀಗಡಿಯವಳ ಕೈಗೆ ಕೊಟ್ಟು ನನ್ನ ಇಲ್ಲಿ ಅರ್ಧ ಗಂಟೆ ಕೂರ್ಸಿ. ರಕ್ತ ಕುದಿಯುತ್ತೆ ನೋಡಿ." ಪ್ರೊಫೆಸರರು ಅದನ್ನು ನಗದೆ ಬರೆದುಕೊಂಡರು. ಆ ಮನುಷ್ಯನಲ್ಲಿ ನನಗೆ ಗೌರವ ಇರುವುದು ಇದಕ್ಕೇ.

ಅತ್ತೆಗೆ ಚೀಟಿ ಎತ್ತಿದಾಗ ಬಂದದ್ದು ಹದಿನಾಲ್ಕನೇ ನಂಬರು, ಬೆಚ್ಚಗಿನ ನೀರು. ಅವರ ಸರದಿ ನವೆಂಬರ್ 3, ಗುರುವಾರ, ಮಧ್ಯಾಹ್ನ ಎರಡು ಗಂಟೆ. ಫಲಿತಾಂಶ ಬಂದದ್ದು ಈ ಸೋಮವಾರ, ಹದಿನಾಲ್ಕರಂದು. ಇಪ್ಪತ್ತನಾಲ್ಕು ಜನರಲ್ಲಿ ಇಪ್ಪತ್ತಮೂರು ಜನರ ಕಾರ್ಟಿಸಾಲ್ ಅಲುಗಾಡಿರಲಿಲ್ಲ, ಐಸಿನವರದೂ ಇಲ್ಲ, ಬೆಚ್ಚಗಿನ ನೀರಿನವರದೂ ಇಲ್ಲ. ಒಬ್ಬರದು ಮಾತ್ರ ಹುಡುಗರ ಅಳತೆಗೂ ಮೀರಿ ಏರಿತ್ತು. ಹದಿನಾಲ್ಕನೇ ನಂಬರಿನದು. ಪ್ರೊಫೆಸರರು ಹಾಳೆ ನೋಡಿದವರೇ, "ಇನ್‌ಸುಕ್ ಅವರೇ, ಟ್ಯೂಬ್ ಅದಲುಬದಲಾಗಿದೆ. ಇದು ಐಸಿನವರದ್ದು" ಎಂದರು. ಸಭೆಯಲ್ಲಿ, ಎಲ್ಲರ ಮುಂದೆ. ಆದರೆ ಲೆಕ್ಕ ನನ್ನ ಕಡೆಗಿತ್ತು. "ಐಸಿನವರಲ್ಲಿ ಯಾರಿಗೂ ಏರಿಲ್ವಲ್ಲ ಸರ್, ಬದಲಾಗೋಕೆ ಏರಿರೋ ಟ್ಯೂಬ್ ಎಲ್ಲಿಂದ ಬರ್ಬೇಕು?" ಎಂದೆ. ಹುಡುಗರ ಟ್ಯೂಬ್ ಸೇರಿರಬಹುದು ಎಂದರು. ಹುಡುಗರ ಮುಚ್ಚಳ ನೀಲಿ, ಹೆಂಗಸರದು ಹಳದಿ ಎಂದೆ. ಪ್ರತಿ ಸಲವೂ ಮರುಪರೀಕ್ಷೆಗೆಂದು ಒಂದು ಹೆಚ್ಚುವರಿ ಸುರುಳಿ ತೆಗೆದಿಟ್ಟಿರುತ್ತೇವೆ. ಹದಿನಾಲ್ಕರ ಹೆಚ್ಚುವರಿ ಸುರುಳಿಯನ್ನು ಆ ಮಧ್ಯಾಹ್ನವೇ ಮತ್ತೆ ಪರೀಕ್ಷಿಸಿದೆವು. ಅದೇ ಅಂಕಿ ಬಂತು.

ಆಗ ನನ್ನ ಪುಸ್ತಕ ತೆರೆದೆ. ನನ್ನ ಅಕ್ಷರದಲ್ಲೇ ಇತ್ತು: "ನಂ. 14. ಹದಿನೇಳು ನಿಮಿಷ ತಡ. ಶೌಚಾಲಯಕ್ಕೆ ಹೋಗಿದ್ದೆ ಎಂದರು." ಅತ್ತೆ ಯಾವುದಕ್ಕೂ ತಡ ಮಾಡುವವರಲ್ಲ, ಅದು ನಿಮಗೂ ಗೊತ್ತು. ಅಷ್ಟೇ ಅಲ್ಲ, ನೀರಿಗೆ ಕೈಯಿಡುವ ಮೊದಲು ತೆಗೆದ ಸುರುಳಿಯಲ್ಲೇ ಕಾರ್ಟಿಸಾಲ್ ಏರತೊಡಗಿತ್ತು. ಅಂದರೆ ಬೆಚ್ಚಗಿನ ನೀರಿನ ತಪ್ಪಲ್ಲ. ಏನೋ ಆಗಿದ್ದು ನಮ್ಮ ಬಾಗಿಲಿನ ಹೊರಗೆ, ಆ ಹದಿನೇಳು ನಿಮಿಷದಲ್ಲಿ. ನಂಬರಿನ ಹಿಂದಿನ ಹೆಸರು ಗೊತ್ತಿದ್ದರೂ ಕೇಳುವ ಅಧಿಕಾರ ನನಗಿಲ್ಲ, ಮನೆಯಲ್ಲಿಯೂ ಇಲ್ಲ. ಹಾಗಾಗಿ ಸೋಮವಾರ ರಾತ್ರಿ ಮೂಲಂಗಿ ಸಾರು ಬಡಿಸಿದೆ, ಬಾಯಿ ಮುಚ್ಚಿಕೊಂಡಿದ್ದೆ.

ನಿಯಮದ ಪ್ರಕಾರ ಬಂದವರಿಗೆಲ್ಲ ಅವರವರ ಹಾಳೆ ಕೊಡುತ್ತೇವೆ. ಮಂಗಳವಾರ ಅತ್ತೆ ತಮ್ಮ ಹಾಳೆಯನ್ನು ಏಪ್ರನ್ನಿನ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿ ತಂದಿದ್ದರು. ಚಳಿಗಾಲಕ್ಕೆ ಕೋಸಿನ ಕಿಮ್ಚಿ ಹಾಕುವ ಕಾಲವಲ್ಲವೇ, ಇಬ್ಬರೂ ಬೆಳ್ಳುಳ್ಳಿಯ ಗುಡ್ಡೆಯ ಮುಂದೆ ಕೂತಿದ್ದೆವು. "ಕನ್ನಡಕ ಅಂಗಡೀಲಿ ಬಿಟ್ಟೆ. ಓದು, ಏನ್ ಬರ್ದಿದಾರೆ" ಎಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಓದಿದೆ. ಆಟದ ಮೊದಲರ್ಧದಲ್ಲಿ ಇಪ್ಪತ್ತನಾಲ್ಕು ಜನರಲ್ಲಿ ಕೊಡುವ ಚಿತ್ರವನ್ನು ಎಲ್ಲರಿಗಿಂತ ಬೇಗ ಕಂಡುಹಿಡಿದವರು ಇವರು. ಅದಲುಬದಲಾದ ಮೇಲೆ, ಎಲ್ಲರಿಗಿಂತ ತಡವಾಗಿ ಅದನ್ನು ಬಿಟ್ಟವರೂ ಇವರೇ. ಅದು ಕಿತ್ತಳೆ ಕಸಿಯುತ್ತಿದ್ದರೂ ಇಪ್ಪತ್ತೇಳು ಸಲ ಮತ್ತೆ ಅದನ್ನೇ ಒತ್ತಿದ್ದರು. ಉಳಿದವರೆಲ್ಲ ಏಳೆಂಟು ಸಲಕ್ಕೆ ಬಿಟ್ಟಿದ್ದರು. ಹಾಗಾಗಿಯೇ ಆ ದಿನ ಸಿಂಪಿ ಅಕ್ಕ ಹತ್ತೊಂಬತ್ತು ಕಿತ್ತಳೆ ಹೊತ್ತು ಹೋದರೆ ನಮ್ಮ ಮನೆಗೆ ಬಂದದ್ದು ಐದು. "ಇಪ್ಪತ್ತೇಳಾ?" ಎಂದರು ಅತ್ತೆ. ಇಪ್ಪತ್ತೇಳು ಎಂದೆ. ಮೂರು ನಾಲ್ಕು ಎಸಳು ಸುಲಿದರು. ಆಮೇಲೆ, ಕೈಯಿಂದ ಕಣ್ಣು ತೆಗೆಯದೆ, "ಅವತ್ತು ನಿಮ್ಮ ಮೆಟ್ಟಿಲ ಹತ್ರ ಇದ್ದಾಗ ಅವನ ಫೋನ್ ಬಂತು" ಎಂದರು. "ಇನ್ನೆರಡು ವರ್ಷ ಹಾಕ್ತೀನಮ್ಮ ಅಂದ. ಹಾಕು ಮಗಾ ಹಾಕು ಅಂದೆ. ನಿಂಗೆ ಹೇಳ್ಬೇಡ ಅಂದ. ಆಯ್ತು ಅಂದೆ. ಬಂದು ಕೈ ನೀರಲ್ಲಿಟ್ಟೆ." ಸುಲಿದ ಎಸಳನ್ನು ಬಟ್ಟಲಿಗೆ ಹಾಕಿ ಮತ್ತೆ, "ಮೊದ್ಲು ಕೊಟ್ಟಿದ್ದು ಮತ್ತೆ ಕೊಟ್ಟೇ ಕೊಡತ್ತೆ ಅಂದ್ಕೊಂಡೇ ಒತ್ತಿದ್ದು ನಾನು. ನಿಮ್ ಮಾವನ್ನೂ ಹಂಗೇ ಕಳಿಸ್ತಿದ್ದೆ ಸಮುದ್ರಕ್ಕೆ" ಎಂದರು. ಮಾವ ಕೊನೆಯ ಸಲ ಹೋಗಿ ಮರಳದ ವಿಷಯ ಈ ಮನೆಯಲ್ಲಿ ಅವರಾಗಿ ಎತ್ತಿದ್ದನ್ನು ನಾನು ಹದಿಮೂರು ವರ್ಷದಲ್ಲಿ ಕೇಳಿರಲಿಲ್ಲ. ಇದೆಲ್ಲ ನಿಮಗೆ ಬರೆಯಲೇ ಎಂದು ಕೇಳಿದೆ. "ಬರಿ. ಎಲ್ಲಾ ಬರಿ. ನಾನು ಹೇಳ್ಲಿಲ್ಲ, ಕಾಗದ ಹೇಳ್ತು ಅಂತ್ಲೂ ಬರಿ."

ಬುಧವಾರ ಪ್ರೊಫೆಸರರ ಬಳಿ ಹೋಗಿ, ಹದಿನಾಲ್ಕನೆಯವರು ತಾವಾಗಿಯೇ ಹೇಳಿದ್ದಾರೆ, ಒಳಬರುವ ಮುನ್ನ ಅವರಿಗೊಂದು ಸುದ್ದಿ ಬಂದಿತ್ತು ಎಂದು ತಿಳಿಸಿದೆ. ಸುದ್ದಿ ಏನೆಂದು ಅವರು ಕೇಳಲಿಲ್ಲ. ಎದ್ದು ನಿಂತು ತಲೆಬಾಗಿಸಿ, ಎಲ್ಲರ ಮುಂದೆ ಟ್ಯೂಬಿನ ಮಾತು ಆಡಿದ್ದು ತಪ್ಪಾಯಿತು ಎಂದರು. ಆಮೇಲೆ ತಮ್ಮ ಅಭ್ಯಾಸದಂತೆ, "ಒಬ್ಬರ ಹಾಳೆಯಿಂದ ಏನೂ ಸಾಬೀತಾಗೋದಿಲ್ಲ, ನೆನಪಿರ್ಲಿ" ಎಂದರು. ನೆನಪಿದೆ. ಆದ್ದರಿಂದ ನಾನು ಏನನ್ನೂ ಸಾಬೀತು ಮಾಡಲು ಹೊರಟಿಲ್ಲ. ನನಗೆ ಗೊತ್ತಿರುವುದನ್ನು ಮಾತ್ರ ನಿಮ್ಮ ಮುಂದಿಡುತ್ತೇನೆ.

ನೀವು ಹೋದ ಸಲ ಸಹಿ ಹಾಕಿದ್ದು 2009ರ ಡಿಸೆಂಬರಿನಲ್ಲಿ, ಮೀನು ಇಳಿಸಿದ ದಿನ. ಅದನ್ನು ನೀವೇ ಬರೆದಿದ್ದಿರಿ, ಕಾಗದ ನನ್ನ ಬಳಿ ಇದೆ. ಮೂವತ್ತೊಂದು ಗಂಟೆ ಎಡೆಬಿಡದೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಕೋಣೆಯಿಂದ ಟ್ಯೂನಾ ಎತ್ತಿ ಸಾಮಾನು ಹಡಗಿಗೆ ದಾಟಿಸಿದಿರಿ. ಯಂತ್ರ ಕೈಕೊಟ್ಟಿತೆಂದು ಎರಡು ಸಲ ಕೈಗವಸು ತೆಗೆದು ಒಳಗೆ ಹೋದಿರಿ. ಹೊರಬಂದ ಕೂಡಲೇ ಡೆಕ್ಕಿನ ಮೇಲೆ ಹಂದಿಮಾಂಸ ಸುಡುತ್ತಿದ್ದರು, ಎಂಟು ತಿಂಗಳ ನಂತರ ಮೊದಲ ಸಲ ಹಸಿ ಸೊಪ್ಪು, ಸೊಜು ಮದ್ಯದ ಶೀಷೆ, ಮನೆಯ ಪತ್ರಗಳು, ಅದೇ ಮೇಜಿನ ಮೇಲೆ ಕಂಪನಿಯ ಕಾಗದ. "ಬೆರಳು ನೆಟ್ಟಗಾಗದೆ ಪೆನ್ನು ಹಿಡಿಯಲು ಬರಲಿಲ್ಲ, ಪಕ್ಕದವನು ನನ್ನ ಕೈ ಹಿಡಿದು ಸಹಿ ಮಾಡಿಸಿದ" ಎಂದು ನೀವು ನಗುತ್ತಾ ಬರೆದಿದ್ದಿರಿ. ಆ ಹಂದಿಮಾಂಸದ ರುಚಿ ನೀವು ಇವತ್ತಿಗೂ ವರ್ಣಿಸುತ್ತೀರಿ. ಕಿರುಬೆರಳಿನ ಸ್ಪರ್ಶ ಹೋದದ್ದೂ ಅದೇ ದಿನ ಎಂಬುದನ್ನು ಹಡಗಿನ ವೈದ್ಯರ ಚೀಟಿ ನೋಡಿ ನಾನು ತಿಳಿದುಕೊಳ್ಳಬೇಕಾಯಿತು, ನಿಮ್ಮ ಕಾಗದದಲ್ಲಿ ಅದು ಒಂದೂವರೆ ಸಾಲು. ಇದರಲ್ಲಿ ನಿಮ್ಮ ದಡ್ಡತನ ಏನೂ ಇಲ್ಲ. ನಮ್ಮಲ್ಲಿ ಮಂಜುನೀರಿನಿಂದ ಕೈ ತೆಗೆದ ಹುಡುಗರೂ ಹೀಗೆಯೇ ಒತ್ತುತ್ತಾರೆ. ಸಿಕ್ಕಿದ್ದು ಚೆನ್ನಾಗಿ ಗುರುತಾಗುತ್ತದೆ, ಹೋದದ್ದು ಆಗುವುದಿಲ್ಲ. ಒಂದೇ ವ್ಯತ್ಯಾಸ, ನಮ್ಮಲ್ಲಿ ಕೊನೆಗೆ ಸಿಗುವುದು, ಹೋಗುವುದು ಎರಡೂ ಹಣ್ಣು.

ನೀವು ಬರಲೇಬೇಕು ಎಂದು ನಾನು ಬರೆಯುತ್ತಿಲ್ಲ. ಹಡಗಿನಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ, ನಿಮ್ಮ ಯಂತ್ರ ನಿಂತರೆ ನಾನೂರು ಟನ್ ಮೀನು ಕೊಳೆಯುತ್ತದೆ, ಅದು ನನಗೆ ಹೆಮ್ಮೆಯ ವಿಷಯ. ಇನ್ನೊಂದು ಕಡೆ, ಸೇತುವೆಯ ಬಳಿಯ ಐಸ್ ಕಾರ್ಖಾನೆಯ ಯಜಮಾನ ನೋ ಅವರು ಅಕ್ಟೋಬರಿನಲ್ಲಿ ಎರಡು ಸಲ ಅಂಗಡಿಗೆ ಬಂದು ಅತ್ತೆಯನ್ನು ಕೇಳಿದ್ದಾರೆ. "ನಿಮ್ಮ ಹುಡುಗನ ಕೈ ಬೇಕು, ಹೊಸ ವರ್ಷದವರೆಗೆ ಜಾಗ ಕಾಯ್ದಿರಿಸ್ತೀನಿ" ಎಂದಿದ್ದಾರೆ. ನಲವತ್ತಾರು ವರ್ಷದವರನ್ನು ಹುಡುಗ ಎನ್ನುವವರು ಆ ಯಜಮಾನರು ಮಾತ್ರ. ಸಂಬಳ ಹಡಗಿನಷ್ಟಿಲ್ಲ, ನನ್ನದೂ ಸೇರಿದರೆ ಸಾಕಾಗುತ್ತದೆ. ಎರಡೂ ಚಿತ್ರಗಳು ನಿಮ್ಮ ಮುಂದಿವೆ. ನೀವು ಯೋಚಿಸಿ ಆರಿಸಿದ್ದು ಯಾವುದಾದರೂ ಸರಿಯಾಗಿಯೇ ಇರುತ್ತದೆ ಎಂಬ ನಂಬಿಕೆ ನನಗಿದೆ. ನಮ್ಮ ಮದುವೆಗೆ ಮುನ್ನ ನೀವು ಒಂದು ಸೈಕಲ್ ಕೊಳ್ಳಲು ಏಳು ವಾರ ಯೋಚಿಸಿದ್ದನ್ನು ಕಂಡವಳು ನಾನು.

ಬೊರಾಮ್ ಪ್ರತ್ಯೇಕ ಪತ್ರ ಇಟ್ಟಿದ್ದಾಳೆ, ಅಂಟಿಸಿ ಕೊಟ್ಟಿದ್ದಾಳೆ, ನಾನು ಓದಿಲ್ಲ. ಅತ್ತೆ ಹೇಳಲು ಹೇಳಿದ್ದು: ತಲೆಗೆ ಟೊಪ್ಪಿ ಹಾಕಿಕೊಳ್ಳಬೇಕು, ಖಾಲಿ ಹೊಟ್ಟೆಗೆ ಕಾಫಿ ಕುಡಿಯಬಾರದು. ಸಿಂಪಿ ಅಕ್ಕ ಕೇಳಿದೆ ಎನ್ನಲು ಹೇಳಿದ್ದಾರೆ. ಸಮುದ್ರ ಶಾಂತವಾಗಿರಲಿ, ನಿಮ್ಮ ಕೈಕಾಲು ಬೆಚ್ಚಗಿರಲಿ.

ನಿಮ್ಮ,
ಇನ್‌ಸುಕ್

ಮರೆತಿದ್ದೆ: ಬುಧವಾರ ಊಟದ ಬಿಡುವಿನಲ್ಲಿ ಕಂಪನಿಯ ಕಚೇರಿಗೆ ಫೋನ್ ಮಾಡಿದ್ದೆ. ಈ ಪತ್ರ ಹೊತ್ತ ಸಾಮಾನು ಹಡಗು ನಿಮ್ಮ ಪಕ್ಕಕ್ಕೆ ಬರುವುದು ಡಿಸೆಂಬರ್ 14, ಅಲ್ಲಿಂದ ಹೊರಡುವುದು 16ರ ಮಧ್ಯಾಹ್ನ. ಸಹಿಯ ಕಾಗದ ಅದರ ಜೊತೆಗೆ ಹೋದರೆ ಸಾಕು. ಇಳಿಸಿದ ದಿನವೇ ಹಾಕಬೇಕೆಂಬ ನಿಯಮ ಇದೆಯೇ ಎಂದು ಕೇಳಿದೆ. "ನಿಯಮ ಏನಿಲ್ಲಮ್ಮ, ಎಲ್ರೂ ಅವತ್ತೇ ಹಾಕ್ತಾರೆ ಅಷ್ಟೆ" ಎಂದಳು ಅಲ್ಲಿದ್ದ ಹುಡುಗಿ. ನಮ್ಮ ಹುಡುಗರ ಟ್ಯೂಬುಗಳಲ್ಲಿ ಒಂದೂವರೆ ಗಂಟೆಗೆ ಎಲ್ಲ ಇಳಿದಿತ್ತು. ನಿಮ್ಮದು ಮೂರು ನಿಮಿಷದ ಬಕೆಟ್ಟಲ್ಲ, ಮೂವತ್ತು ಗಂಟೆ, ಅದಕ್ಕೆ ಒಂದು ರಾತ್ರಿ ಬೇಕು. ಆದ್ದರಿಂದ 14ರಂದು ಹಂದಿಮಾಂಸ ತಿನ್ನಿ, ಕಾಗದ ತೆಗೆದುಕೊಂಡು ಜೇಬಿಗಿಟ್ಟುಕೊಳ್ಳಿ, ಸಹಿ ಹಾಕಬೇಡಿ. ಮಲಗಿ. 15ರಂದು ಎದ್ದು, ಬೆರಳು ನೆಟ್ಟಗಾದ ಮೇಲೆ, ಪೆನ್ನನ್ನು ನೀವೇ ಹಿಡಿದು ಹಾಕುವುದಿದ್ದರೆ ಹಾಕಿ, ಇಲ್ಲದಿದ್ದರೆ ಖಾಲಿ ಕಾಗದ ಕಳಿಸಿ. ಎರಡಕ್ಕೂ ನಾನು ಮರುಮಾತು ಆಡುವುದಿಲ್ಲ. ನಿಮ್ಮ ಮುಂದಿನ ಫೋನ್ ಸರದಿ 16, ಶುಕ್ರವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಒಂಬತ್ತೂವರೆ. ಆ ದಿನ ನಾನು ರಜೆ ಹಾಕಿದ್ದೇನೆ, ಅತ್ತೆ ಅಂಗಡಿ ತೆರೆಯುವುದಿಲ್ಲ.